ಲೋಟ ಮರಳಿ ಬರಬೇಕಾದರೆ: ಶೇಕಡಾ ಲೆಕ್ಕದ ಒಂದು ಪಾಠಾನುಭವ

ತರಗತಿ: 8 · ವಿಷಯ: ಗಣಿತ · ಘಟಕ: ಶೇಕಡಾವಾರು, ಲಾಭ–ನಷ್ಟ · ಅವಧಿ: 40 ನಿಮಿಷ · ಸ್ಥಳ: ಲಚ್ಯಾಣ, ಇಂಡಿ ತಾಲೂಕು

ಕಲಿಕಾ ಉದ್ದೇಶ: ನಿತ್ಯದ ವ್ಯವಹಾರವೊಂದರ ಉಳಿತಾಯ, ನಷ್ಟಗಳನ್ನು ಶೇಕಡಾ ರೂಪದಲ್ಲಿ ಲೆಕ್ಕಿಸಿ ತೀರ್ಮಾನಕ್ಕೆ ಬರುವುದು.

ಪೀಠಿಕೆ: ಬಳಸಿದ ಕಾಗದದ ಕಪ್ಪೊಂದನ್ನು ಹರಿದು ಒಳಗಿನ ತೆಳು ಪ್ಲಾಸ್ಟಿಕ್ ಪದರ ತೋರಿಸಿದೆ. ಇಂಥ ಕಪ್ಪಿನಲ್ಲಿ 100 ಮಿ.ಲೀ. ಬಿಸಿ ದ್ರವ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುತ್ತವೆಂದು ಖರಗ್‌ಪುರ ಐಐಟಿಯ ಸಂಶೋಧಕರು 2020ರಲ್ಲಿ ಕಂಡುಕೊಂಡದ್ದನ್ನು ಹೇಳಿದೆ. ‘ಹಾಗಾದರೆ ಇವನ್ನು ಮಾರುವವರು ಮಾಡುತ್ತಿರುವುದು ಸರಿಯೇ?’ ಎಂದು ಕೇಳಿದೆ. ಮಕ್ಕಳು ‘ಇಲ್ರಿ’ ಎಂದು ಕೂಗಿ ಹಿಂದಿನ ಸಾಲಿನ ಹುಡುಗನೊಬ್ಬನತ್ತ ತಿರುಗಿ ನಕ್ಕರು. ಅವನು ತಲೆ ತಗ್ಗಿಸಿಯೇ ಹೇಳಿದ: ‘ಸರ್, ನಮ್ಮವ್ವ ಚಾದ ಅಂಗಡಿ ನಡಸ್ತಾಳ್ರಿ. ಲೋಟ ತೊಳ್ಯಾಕ ನೀರು ಎಲ್ಲಿಂದ ತರಬೇಕ್ರಿ? ಲೋಟ ಒಯ್ದವ್ರು ತಿರುಗಿ ಕೊಡ್ತಾರೇನ್ರಿ?’

ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವನ ಎರಡು ಪ್ರಶ್ನೆಗಳನ್ನೇ ಕಪ್ಪುಹಲಗೆಯ ಮೇಲೆ ಬರೆದೆ.

ಬೆಳವಣಿಗೆ: ಅಂದಾಜು ಬೆಲೆಗಳನ್ನು ಅವನೇ ಹೇಳಿದ. ದಿನಕ್ಕೆ 100 ಕಪ್, ಒಂದಕ್ಕೆ 60 ಪೈಸೆ, ಒಟ್ಟು ₹60. ಸ್ಟೀಲ್ ಲೋಟ ಒಂದಕ್ಕೆ ₹20. ತೊಳೆದು ಮತ್ತೆ ಬಳಸುವುದರಿಂದ 40 ಸಾಕು, ಅಂದರೆ ₹800. ನೀರು, ಸಾಬೂನಿಗೆ ದಿನಕ್ಕೆ ₹20. ದಿನದ ಉಳಿತಾಯ ₹40. ಒಂದೂ ಕಳೆಯದಿದ್ದರೆ 20 ದಿನಕ್ಕೆ ಹಾಕಿದ ಹಣ ಮರಳುತ್ತದೆ. ಆದರೆ 100ರಲ್ಲಿ 2 ಲೋಟ ಹೋದರೆ ಆ ದಿನದ ಉಳಿತಾಯವೆಲ್ಲ ಹೋಯಿತು. 3 ಹೋದರೆ ₹20 ನಷ್ಟ. ಶೇ. 98ಕ್ಕಿಂತ ಹೆಚ್ಚು ಲೋಟ ಮರಳಲೇಬೇಕು. ಇದನ್ನು ಕಂಡ ತರಗತಿ ಸುಮ್ಮನಾಯಿತು.

‘ಮರಳಿ ಬರಲು ಏನು ಮಾಡಬೇಕು?’ ಎಂದಾಗ ಹುಡುಗಿಯೊಬ್ಬಳು ಮದುವೆಗೆ ಗುಡಿಯ ಭಾಂಡೆ ತರುವುದನ್ನು ನೆನಪಿಸಿದಳು: ಎಣಿಸಿ ತರಬೇಕು, ಎಣಿಸಿ ಕೊಡಬೇಕು, ಕಡಿಮೆಯಾದರೆ ರೊಕ್ಕ ತುಂಬಬೇಕು. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯ ‘ಪ್ಲೇಟ್ ಬ್ಯಾಂಕ್’ ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಕೊಟ್ಟು ಮರಳಿ ಪಡೆಯುತ್ತದೆ. ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಕಾಫಿ ಅಂಗಡಿಗಳು 1 ಯೂರೋ ಠೇವಣಿ ಪಡೆದು ಕಪ್ ಕೊಡುವ ಯೋಜನೆ 2016ರಲ್ಲಿ ಆರಂಭವಾಯಿತು. ಯೋಜನೆಗೆ ಸೇರಿದ ಯಾವ ಅಂಗಡಿಗೆ ಮರಳಿಸಿದರೂ ಹಣ ವಾಪಸ್. ಇವೆರಡನ್ನೂ ಅವಳ ಮಾತಿಗೆ ಜೋಡಿಸಿದೆ.

ಮೌಲ್ಯಮಾಪನ: ‘ಲೋಟಕ್ಕೆ ₹10 ಠೇವಣಿ ಇಟ್ಟರೆ ಶೇಕಡಾ ಎಷ್ಟು ಮರಳಿದರೆ ನಷ್ಟವಿಲ್ಲ?’ ಕಳೆದ ಲೋಟದ ನಷ್ಟ ₹10ಕ್ಕೆ ಇಳಿಯುವುದರಿಂದ ಉತ್ತರ ಶೇ. 96. ತಪ್ಪಿದವರಲ್ಲಿ ಹೆಚ್ಚಿನವರು ತೊಳೆಯುವ ಖರ್ಚನ್ನು ಮರೆತಿದ್ದರು. ಆ ಹುಡುಗ ಮರೆತಿರಲಿಲ್ಲ. ಉತ್ತರದ ಕೆಳಗೆ ಅವನು ಬರೆದಿದ್ದ: ‘ಕುಂತು ಕುಡಿಯೋರಿಗೆ ಲೋಟ, ಬಸ್ಸಿಗೆ ಹೋಗೋರಿಗೆ ಕಪ್.’

ಆತ್ಮಾವಲೋಕನ: ಕೊನೆಗೆ ‘ಕಾಗದದ ಕಪ್ ಬೇಡ’ ಎಂದು ಪ್ರತಿಜ್ಞೆ ಮಾಡಿಸುವುದು ನನ್ನ ಯೋಜನೆಯಲ್ಲಿತ್ತು. ಮಾಡಿಸಲಿಲ್ಲ. ಸರಿ–ತಪ್ಪಿನ ಪ್ರಶ್ನೆಯಿಂದ ಆರಂಭಿಸಿ ನಾನು ಒಬ್ಬ ವಿದ್ಯಾರ್ಥಿಯ ಮನೆಯ ಅನ್ನವನ್ನೇ ಕಟಕಟೆಗೆ ಹತ್ತಿಸಿದ್ದೆ. ಸ್ಥಳೀಯ ಉದಾಹರಣೆ ಆಯ್ದುಕೊಳ್ಳುವ ಮುನ್ನ, ಅದು ತರಗತಿಯಲ್ಲಿ ಯಾರ ಮನೆಯದು ಎಂದು ವಿಚಾರಿಸಿಕೊಳ್ಳಬೇಕು. ಮುಂದಿನ ಬಾರಿ ಇದೇ ಪಾಠವನ್ನು ಆ ಹುಡುಗನ ಎರಡು ಪ್ರಶ್ನೆಗಳಿಂದ ಆರಂಭಿಸುವೆ.