ಮನೆಯಲ್ಲಿ ಹೆರಿಗೆಯಾದಾಗ: ಸೂಲಗಿತ್ತಿಯರಿಗೆ ತುರ್ತು ಪ್ರಥಮ ಚಿಕಿತ್ಸೆಯ ತರಬೇತಿ

ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕೆಂಬುದು ಸರ್ಕಾರದ ನೀತಿ. ಆದರೂ ಮಳೆಗಾಲದಲ್ಲಿ ಹಳ್ಳ ತುಂಬಿದಾಗ, ಕಾಡಂಚಿನ ಹಾಡಿಗಳಲ್ಲಿ ಅವಧಿಗೆ ಮುನ್ನ ನೋವು ಕಾಣಿಸಿಕೊಂಡಾಗ, ಸೂಲಗಿತ್ತಿಯೋ ನೆರೆಮನೆಯ ಹಿರಿಯಳೋ ಹೆರಿಗೆ ಮಾಡಿಸಬೇಕಾಗುತ್ತದೆ. ಇವರಿಗೆ ತರಬೇತಿ ನೀಡಿದರೆ ಮನೆ ಹೆರಿಗೆಗೆ ಪ್ರೋತ್ಸಾಹ ಕೊಟ್ಟಂತೆ ಎಂಬ ಆಕ್ಷೇಪ ಸಮಂಜಸವಲ್ಲ. ಆಂಬುಲೆನ್ಸ್ ಬರುವವರೆಗೆ ಜೀವ ಹಿಡಿದಿಡುವುದಷ್ಟೇ ಇದರ ಉದ್ದೇಶ.

ತರಬೇತಿಯಲ್ಲಿ ಮೊದಲ ಸ್ಥಾನ ಬಾಣಂತಿಯ ರಕ್ತಸ್ರಾವಕ್ಕೆ. 500 ಮಿಲಿಲೀಟರ್ ಮೀರಿದರೆ ಅಪಾಯ. ರಕ್ತಹೀನತೆಯುಳ್ಳವರಿಗೆ ಅದಕ್ಕಿಂತ ಕಡಿಮೆಯೂ ಮಾರಕವಾಗಬಲ್ಲದು. ಕೂಡಲೇ 108ಕ್ಕೆ ಕರೆ ಮಾಡಿಸಿ, ಮಾಸು ಬಿದ್ದಿದ್ದರೆ ಕಿಬ್ಬೊಟ್ಟೆಯ ಮೇಲಿನಿಂದ ಗರ್ಭಕೋಶವನ್ನು ಗಟ್ಟಿಯಾಗುವವರೆಗೆ ನೀವಬೇಕು. ಮೂತ್ರ ವಿಸರ್ಜನೆ ಮಾಡಿಸಿ, ಮಗುವಿಗೆ ಮೊಲೆಯೂಡಿಸಬೇಕು. ಮಾಸು ತಡವಾಯಿತೆಂದು ಹೊಕ್ಕುಳಬಳ್ಳಿಯನ್ನು ಎಳೆಯಕೂಡದು: ಗರ್ಭಕೋಶವೇ ಒಳಮಗುಚಿ ಹೊರಬರಬಹುದು.

ಮಗುವನ್ನು ಒಣಬಟ್ಟೆಯಿಂದ ಒರೆಸಿ, ತಾಯಿಯ ಎದೆಗೆ ತಾಗಿಸಿ ಹೊದಿಸಬೇಕು. ಅಳದಿದ್ದರೆ ಬೆನ್ನು ಉಜ್ಜಬೇಕು. ತಲೆಕೆಳಗಾಗಿ ಹಿಡಿದು ಬಡಿಯುವ ರೂಢಿ ನಿಲ್ಲಬೇಕು. ಆಗಲೂ ಉಸಿರಾಡದಿದ್ದರೆ ಮೊದಲ ನಿಮಿಷದೊಳಗೆ ಕೃತಕ ಉಸಿರು ಕೊಡಬೇಕು. ಇದಕ್ಕೆ ಭಾಷಣ ಸಾಲದು, ಬೊಂಬೆಯ ಮೇಲೆ ಕೈಯಾರೆ ಅಭ್ಯಾಸ ಮಾಡಿಸಬೇಕು. ಹೊಕ್ಕುಳಿಗೆ ಸಗಣಿ, ಬೂದಿ ಹಚ್ಚಬಾರದು.

ವಾಹನ ತಲುಪದ ಜನವಸತಿಗಳು, ಅಲ್ಲಿನ ಗರ್ಭಿಣಿಯರು ಹಾಗೂ ಸೂಲಗಿತ್ತಿಯರ ಪಟ್ಟಿಯನ್ನು ಸದಸ್ಯರು ಆಶಾ ಕಾರ್ಯಕರ್ತೆಯರ ನೆರವಿನಿಂದ ಮಳೆಗಾಲಕ್ಕೆ ಮುನ್ನ ಸಿದ್ಧಪಡಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಒಪ್ಪಿಸತಕ್ಕದ್ದು.