ದೂರದ ಗಣಕಯಂತ್ರದ ಮಾರ್ದನಿ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನಮ್ಮ ಕನ್ನಡ ಮನೆತನಗಳಲ್ಲಿ ಮಗ್ಗವನ್ನೋ ಹೊಲವನ್ನೋ ನೆಚ್ಚಿ ಬಾಳಿದವರು ಬಹಳ ಮಂದಿ. ಆ ಮನೆಗಳ ಮಕ್ಕಳಲ್ಲಿ ಹಲವರು ಇಂದು ಊರಿನಲ್ಲೇ ಕುಳಿತು, ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಯೂನಿಕ್ಸ್, ಲಿನಕ್ಸ್ ಯಂತ್ರಗಳನ್ನು ನಡೆಸುತ್ತಾರೆ. "ಕೀಲಿ ಒತ್ತಿದರೂ ಅಕ್ಷರ ಮೂಡುವುದಿಲ್ಲವಲ್ಲ, ಏಕೆ?" ಎಂಬುದು ಹೊಸದಾಗಿ ಕೆಲಸಕ್ಕೆ ಸೇರಿದವರು ನನ್ನನ್ನು ಕೇಳುವ ಪ್ರಶ್ನೆ. ಅದಕ್ಕೆ ಉತ್ತರವಾಗಿ ಈ ಕಿರುಲೇಖನ.

ದೂರದ ಯಂತ್ರಕ್ಕೆ ಲಾಗಿನ್ ಆದಾಗ, ನಾವು ಒತ್ತಿದ ಅಕ್ಷರವು ಸಾಮಾನ್ಯವಾಗಿ ಅಲ್ಲಿಗೆ ಹೋಗಿ ಮರಳಿ ಬಂದ ಮೇಲಷ್ಟೇ ನಮ್ಮ ಪರದೆಯಲ್ಲಿ ಕಾಣುತ್ತದೆ. ಇದನ್ನೇ ‘ಎಕೋ’, ಅಂದರೆ ಮಾರ್ದನಿ ಎನ್ನುವರು. ಸಂಪರ್ಕ ನಿಧಾನವಾಗಿದ್ದರೆ ಅಕ್ಷರವೂ ತಡವಾಗಿ ಬರುತ್ತದೆ. ಟೆಲ್ನೆಟ್ಟಿನಲ್ಲಿ ಮಾರ್ದನಿ ಕೊಡುವವರು ಯಾರೆಂಬುದನ್ನು ಎರಡು ಯಂತ್ರಗಳೂ ಮಾತಾಡಿಕೊಳ್ಳಬೇಕು. 1983ರ ಆರ್‌ಎಫ್‌ಸಿ 857 ಅದರ ನಿಯಮವನ್ನು ವಿಧಿಸಿದೆ. ಇಬ್ಬರೂ ಕೊಟ್ಟರೆ ಪ್ರತಿ ಅಕ್ಷರವೂ ಎರಡೆರಡು ಬಾರಿ ಮೂಡುತ್ತದೆ. ಯಾರೂ ಕೊಡದಿದ್ದರೆ ಪರದೆ ಬರಿದಾಗಿರುತ್ತದೆ. 1995ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ ಎಸ್‌ಎಸ್‌ಎಚ್‌ನಲ್ಲಿ ಸಾಮಾನ್ಯವಾಗಿ ದೂರದ ಯಂತ್ರವೇ ಈ ಹೊಣೆ ಹೊರುತ್ತದೆ.

ಗುಪ್ತಪದವನ್ನು ಕೇಳುವಾಗ ಮಾರ್ದನಿಯನ್ನು ಬೇಕೆಂದೇ ನಿಲ್ಲಿಸಲಾಗುತ್ತದೆ. ಪಕ್ಕದವರ ಕಣ್ಣಿಗೆ ಬೀಳದಿರಲೆಂಬುದೇ ಅದರ ಉದ್ದೇಶ, ಅದು ದೋಷವಲ್ಲ. ಆದರೆ ಹಾಗೆ ನಿಲ್ಲಿಸಿದ ಕಾರ್ಯಕ್ರಮವು ನಡುವೆಯೇ ಮುರಿದುಬಿದ್ದರೆ, ಮಾರ್ದನಿಯನ್ನು ಮರಳಿ ಆರಂಭಿಸುವವರಿರುವುದಿಲ್ಲ.

ಅಪಾಯವಿರುವುದು ಇಲ್ಲಿಯೇ. ಅಕ್ಷರ ಕಾಣದಿದ್ದರೂ ಅದು ದೂರದ ಯಂತ್ರವನ್ನು ತಲುಪುತ್ತಲೇ ಇರುತ್ತದೆ. ಯಂತ್ರ ಕೆಟ್ಟಿತೆಂದು ಬಗೆದು ಅದೇ ಆಜ್ಞೆಯನ್ನು ಮತ್ತೆ ಮತ್ತೆ ಬರೆದರೆ, ಅದು ಅಷ್ಟು ಬಾರಿಯೂ ನಡೆದುಹೋಗಬಹುದು. ಅದು ಕಡತ ಅಳಿಸುವ ಅಥವಾ ಹಣ ದಾಖಲಿಸುವ ಆಜ್ಞೆಯಾಗಿದ್ದರೆ ನಷ್ಟ ಸಣ್ಣದಲ್ಲ.

ಆದುದರಿಂದ ಕಿರಿಯರು ಈ ಕ್ರಮವನ್ನು ನೆನಪಿಡಬೇಕು. ಮೊದಲು ಕೈ ತೆಗೆದು ಕೆಲವು ಕ್ಷಣ ಕಾಯಿರಿ. ಗುಪ್ತಪದವನ್ನು ಕೇಳಿದೆಯೇ ಎಂದು ಪರದೆಯನ್ನು ನೋಡಿರಿ. ಕಂಟ್ರೋಲ್-ಯು ಒತ್ತಿ, ಕಾಣದೆ ಬರೆದ ಸಾಲನ್ನು ಅಳಿಸಿರಿ. ಬಳಿಕ ‘ಎಸ್‌ಟಿಟಿವೈ ಸೇನ್’ ಎಂಬ ಆಜ್ಞೆಯನ್ನು ಕಾಣದಿದ್ದರೂ ಬರೆದು ಎಂಟರ್ ಒತ್ತಿರಿ. ಎಂಟರ್ ಕೆಲಸ ಮಾಡದಿದ್ದರೆ ಕಂಟ್ರೋಲ್-ಜೆ ಬಳಸಿರಿ. ಸಾಮಾನ್ಯವಾಗಿ ಅಕ್ಷರಗಳು ಮರಳಿ ಬರುತ್ತವೆ. ಪರದೆಯಲ್ಲಿ ವಿಚಿತ್ರ ಚಿಹ್ನೆಗಳು ತುಂಬಿದ್ದರೆ ‘ರೀಸೆಟ್’ ಎಂಬ ಆಜ್ಞೆ ನೆರವಾದೀತು. ಇದಾವುದನ್ನೂ ಮಾಡದೆ ಕಿಟಕಿಯನ್ನು ಮುಚ್ಚಿಬಿಟ್ಟರೆ, ಅಲ್ಲಿ ನಡೆಯುತ್ತಿದ್ದ ಕೆಲಸ ಅರ್ಧಕ್ಕೇ ನಿಂತೀತು.