ಮಂಗಳ ಗ್ರಹದಲ್ಲಿ ಮತ್ತೆ ಮತ್ತೆ ನಿಂತ ಕಂಪ್ಯೂಟರ್

ಮಕ್ಕಳೇ, ಕಂಪ್ಯೂಟರ್ ಕೆಟ್ಟರೆ ರಿಪೇರಿ ಮಾಡುವವರನ್ನು ಕರೆಯುತ್ತೇವೆ. ಅದು ಸುಮಾರು 19 ಕೋಟಿ ಕಿ.ಮೀ. ದೂರದಲ್ಲಿದ್ದರೆ ಏನು ಮಾಡುವುದು?

1997ರ ಜುಲೈ 4ರಂದು ಅಮೆರಿಕದ ನಾಸಾ ಸಂಸ್ಥೆಯ ‘ಪಾಥ್‌ಫೈಂಡರ್’ ನೌಕೆ ಮಂಗಳ ಗ್ರಹದ ಮೇಲೆ ಇಳಿಯಿತು. ಅಲ್ಲಿಂದ ಚಿತ್ರಗಳನ್ನೂ ಹವಾಮಾನದ ಮಾಹಿತಿಯನ್ನೂ ಕಳುಹಿಸತೊಡಗಿತು. ಆದರೆ ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ಆಗಾಗ ಕೆಲಸ ನಿಲ್ಲಿಸಿ, ಮತ್ತೆ ಮೊದಲಿನಿಂದ ಆರಂಭವಾಗತೊಡಗಿತು. ಹೀಗಾದಾಗಲೆಲ್ಲ ಆ ದಿನದ ಉಳಿದ ಕೆಲಸ ಮರುದಿನಕ್ಕೆ ಹೋಗುತ್ತಿತ್ತು.

ಕಾರಣವೇನು?

ಒಂದು ಶಾಲೆಯನ್ನು ಊಹಿಸಿಕೊಳ್ಳಿ. ಅಲ್ಲಿ ಒಂದೇ ಮೇಜು, ಒಂದೇ ಹಾಜರಿ ಪುಸ್ತಕ. ಮೇಜಿನಲ್ಲಿ ಒಮ್ಮೆಗೆ ಒಬ್ಬರೇ ಕೂರಬಹುದು. ದೊಡ್ಡವರು ಬಂದರೆ ಚಿಕ್ಕವರು ಏಳಬೇಕು. ಪುಟ್ಟ ಹಾಜರಿ ಪುಸ್ತಕದಲ್ಲಿ ಬರೆಯುತ್ತಿದ್ದಾನೆ. ಟೀಚರ್ ಬಂದು ಅವನನ್ನು ಎಬ್ಬಿಸಿ, ತಮ್ಮ ಬೇರೆ ಕೆಲಸಕ್ಕೆ ಕೂರುತ್ತಾರೆ. ಪುಸ್ತಕ ಪುಟ್ಟನ ಕೈಯಲ್ಲೇ ಉಳಿಯಿತು. ಅಷ್ಟರಲ್ಲಿ ಮುಖ್ಯೋಪಾಧ್ಯಾಯರಿಗೆ ಅದೇ ಪುಸ್ತಕ ತುರ್ತಾಗಿ ಬೇಕು! ಪುಟ್ಟ ಬರೆದು ಮುಗಿಸದೆ ಕೊಡುವಂತಿಲ್ಲ. ಟೀಚರ್ ಏಳದೆ ಅವನು ಬರೆಯುವಂತಿಲ್ಲ. ಎಲ್ಲರಿಗಿಂತ ದೊಡ್ಡವರೇ ಕಾಯಬೇಕಾಯಿತು.

ನೌಕೆಯಲ್ಲೂ ಹೀಗೆಯೇ ಆಗಿತ್ತು. ಹವಾಮಾನದ ಚಿಕ್ಕ ಕೆಲಸ ಪುಟ್ಟನಂತೆ ಅಡ್ಡಿಯಾಗಿತ್ತು. ಮಾಹಿತಿ ಹಂಚುವ ಮುಖ್ಯ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯದಿದ್ದಾಗ, ಏನೋ ತಪ್ಪಾಗಿದೆ ಎಂದು ಕಂಪ್ಯೂಟರ್ ತನ್ನನ್ನು ತಾನೇ ಮರು ಆರಂಭಿಸಿಕೊಳ್ಳುತ್ತಿತ್ತು.

ಪರಿಹಾರ ಎಲ್ಲಿತ್ತು?

ಏಳು ವರ್ಷ ಹಿಂದೆಯೇ ಅದು ಸಿದ್ಧವಾಗಿತ್ತು! ಲುಯಿ ಶಾ, ರಾಜ್‌ಕುಮಾರ್, ಜಾನ್ ಲೆಹೊಸ್ಕಿ ಎಂಬ ಮೂವರು ಸಂಶೋಧಕರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಈ ಸಮಸ್ಯೆಯನ್ನು ಅಧ್ಯಯನ ಮಾಡಿ, 1990ರಲ್ಲಿ ಲೇಖನ ಪ್ರಕಟಿಸಿದ್ದರು. ಅವರು ಹೇಳಿದ ಒಂದು ಉಪಾಯ ಸರಳ. ಮುಖ್ಯೋಪಾಧ್ಯಾಯರು ಕಾಯುತ್ತಿರುವಷ್ಟು ಹೊತ್ತು ಅವರ ಸ್ಥಾನವನ್ನು ಪುಟ್ಟನಿಗೆ ಕೊಡಿ. ಆಗ ಟೀಚರ್ ಅವನನ್ನು ಎಬ್ಬಿಸುವಂತಿಲ್ಲ. ಅವನು ಬೇಗ ಬರೆದು ಪುಸ್ತಕ ಕೊಡುತ್ತಾನೆ.

ನೌಕೆಯ ಮೂಲ ತಂತ್ರಾಂಶವನ್ನು ತಯಾರಿಸಿದ್ದು ವಿಂಡ್ ರಿವರ್ ಎಂಬ ಕಂಪನಿ. ಅದರ ಎಂಜಿನಿಯರುಗಳು ಈ ಉಪಾಯವನ್ನು ತಂತ್ರಾಂಶದಲ್ಲಿ ಅಳವಡಿಸಿದ್ದರು. ಆದರೆ ನೌಕೆಯಲ್ಲಿ, ಬೇಕಾದ ಜಾಗದಲ್ಲಿ ಅದನ್ನು ಚಾಲೂ ಮಾಡಿರಲಿಲ್ಲ. ನಾಸಾದ ಎಂಜಿನಿಯರುಗಳು ಭೂಮಿಯಲ್ಲಿದ್ದ ಅಂಥದೇ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ತಪ್ಪನ್ನು ಹಿಡಿದರು. ರೇಡಿಯೋ ಅಲೆಗಳ ಮೂಲಕ ತಿದ್ದುಪಡಿ ಕಳುಹಿಸಿದರು. ತೊಂದರೆ ನಿಂತಿತು. ಒಂದು ತಿಂಗಳ ಕೆಲಸಕ್ಕೆಂದು ಹೋದ ನೌಕೆ ಸೆಪ್ಟೆಂಬರ್ 27ರವರೆಗೂ ಮಾಹಿತಿ ಕಳುಹಿಸಿತು.

ಅದೇ ಡಿಸೆಂಬರಿನಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ವಿಂಡ್ ರಿವರ್ ಕಂಪನಿಯ ತಂತ್ರಜ್ಞರೊಬ್ಬರು ಈ ಕಥೆ ಹೇಳಿದರು. ಆ ಮೂವರು ಸಂಶೋಧಕರೂ ಸಭೆಯಲ್ಲೇ ಇದ್ದರು. ಅವರು ಯಾರೆಂದು ತಿಳಿದಾಗ ಸಭೆಯೇ ಹರ್ಷೋದ್ಗಾರ ಮಾಡಿತು.

ಸಂಶೋಧಕರು ಬರೆದದ್ದನ್ನು ಕಂಪನಿಯವರು ಓದದೇ ಇದ್ದಿದ್ದರೆ? ಯೋಚಿಸಿ.

ಮಾಡಿ ನೋಡಿ: ಮೂವರು ಗೆಳೆಯರು ಸೇರಿ ಪುಟ್ಟ, ಟೀಚರ್, ಮುಖ್ಯೋಪಾಧ್ಯಾಯರಾಗಿ. ಮೊದಲು ಹಳೆಯ ನಿಯಮದಂತೆ, ಆಮೇಲೆ ಹೊಸ ಉಪಾಯದಂತೆ ಆಡಿ. ಪುಸ್ತಕ ಸಿಗಲು ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳಿ.